ಸ್ಕೂಟರ್ ಡಿಕ್ಕಿಯಲ್ಲಿ ಬಚ್ಚಿಟ್ಟ ದೆವ್ವದ ಪುಸ್ತಕ

ಹೆಸರು, ಕೆಲಸ, ಊರಿನ ಗುರುತು ಎಲ್ಲಾ ಬದಲಾಯಿಸಿದೀನಿ, ಅವರನ್ನ ಕೇಳಿನೇ ಬರೀತಿರೋದು. ರಘು ಅಂತ ಇಟ್ಕೊಳೋಣ. 29 ವರ್ಷ, ಬೆಂಗಳೂರಲ್ಲಿ ಅಕೌಂಟ್ಸ್ ಕೆಲಸ, ಮೂರನೇ ಫ್ಲೋರಲ್ಲಿ ಒಂದು ರೂಮಿನ ಮನೆ, ಒಬ್ಬರೇ ಇರೋದು. ನನ್ನ ಹತ್ರ ಕೌನ್ಸೆಲಿಂಗಿಗೆ ಬಂದು ಕೂತವರು ಮೊದಲು ಹೇಳಿದ್ದೇ "ಮೇಡಂ, ನಗಬಾರ್ದು" ಅಂತ. ನಗಲ್ಲ ಹೇಳಿ ಅಂದೆ. "ಒಂದು ಪುಸ್ತಕ ಓದಿ ಹದಿನೇಳು ದಿನದಿಂದ ಸರಿಯಾಗಿ ನಿದ್ದೆ ಇಲ್ಲ."

ಪುಸ್ತಕ 'ದಿ ಎಕ್ಸಾರ್ಸಿಸ್ಟ್'. ವಿಲಿಯಂ ಪೀಟರ್ ಬ್ಲಾಟಿ ಬರೆದದ್ದು, 1971ರಲ್ಲಿ ಬಂದದ್ದು. ಚಿಕ್ಕ ಹುಡುಗಿ ಮೈಮೇಲೆ ದೆವ್ವ ಬರುತ್ತೆ, ತಾಯಿ ಡಾಕ್ಟರಿಂದ ಡಾಕ್ಟರಿಗೆ ಅಲೀತಾಳೆ, ಕೊನೆಗೆ ಪಾದ್ರಿಗಳ ಹತ್ರ ಹೋಗ್ತಾಳೆ. 1973ರ ಸಿನಿಮಾ ಜಾಸ್ತಿ ಫೇಮಸ್, ಥಿಯೇಟರಲ್ಲಿ ಜನ ತಲೆಸುತ್ತಿ ಬಿದ್ದಿದ್ದು ಆಗ ಪೇಪರಲ್ಲೆಲ್ಲಾ ಬಂದಿತ್ತು. ತಮಾಷೆ ಅಂದ್ರೆ ರಘು ಆ ಸಿನಿಮಾನ ಹಾಸ್ಟೆಲಲ್ಲಿ ಹುಡುಗರ ಜೊತೆ ನೋಡಿ ಬಿದ್ದು ಬಿದ್ದು ನಕ್ಕಿದ್ರಂತೆ. ಪುಸ್ತಕನ ಅವೆನ್ಯೂ ರೋಡಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಫ್ರೆಂಡ್ಸ್ ನಾಲ್ಕು ಜನ ಒಟ್ಟಿಗೆ ಓದೋಣ ಅಂತ ಮಾತಾಗಿತ್ತು. ಒಬ್ಬ ಮೊದಲ ನೂರು ಪೇಜ್ ಬೋರು ಗುರೂ ಅಂತ ಬಿಟ್ಟ, ಇನ್ನೊಬ್ಬಳು ಒಂದೇ ರಾತ್ರಿ ಮುಗಿಸಿ ಸೂಪರ್ ಅಂದ್ಳು, ಮತ್ತೊಬ್ಬ ಇದರಲ್ಲಿ ಭಯ ಪಡೋಕೆ ಏನಿದೆ ಅಂದ. "ನಂಗೊಬ್ಬನಿಗೇ ಯಾಕೆ ಮೇಡಂ ಹಿಂಗಾಯ್ತು?" ಅವರು ಬಂದಿದ್ದು ನಿದ್ದೆಗಿಂತ ಹೆಚ್ಚಾಗಿ ಈ ಪ್ರಶ್ನೆಗೆ.

ಅರ್ಧಕ್ಕಿಂತ ಸ್ವಲ್ಪ ಮುಂದೆ ಓದಿ ನಿಲ್ಲಿಸಿದ್ರು. ಮನೇಲಿ ಇಟ್ಕೊಳೋಕೆ ಆಗಲಿಲ್ಲ, ಎಸೆಯೋಕೂ ಧೈರ್ಯ ಬರಲಿಲ್ಲ, ಎಸೆದ್ರೆ ಅದಕ್ಕೆ ಕೋಪ ಬಂದ್ರೆ ಅಂತ (ಅವರದ್ದೇ ಮಾತು, ಹೇಳಿ ಅವರೇ ತಲೆ ಚಚ್ಚಿಕೊಂಡ್ರು). ನ್ಯೂಸ್‌ಪೇಪರಲ್ಲಿ ಸುತ್ತಿ, ಮೇಲೆ ರಬ್ಬರ್ ಬ್ಯಾಂಡ್ ಹಾಕಿ, ಸ್ಕೂಟರ್ ಡಿಕ್ಕಿಗೆ ಹಾಕಿದ್ರು. ಆಮೇಲೆ ರಾತ್ರಿ ಆಫೀಸಿಂದ ಬರುವಾಗ ಸೀಟಿನ ಕೆಳಗೇ ಅದು ಕೂತಿದೆ ಅಂತ ಬೆನ್ನು ಹುರಿ ಜುಂ ಅನ್ನೋಕೆ ಶುರುವಾಗಿ, ಒಂದು ವಾರದಿಂದ ಸ್ಕೂಟರೇ ತೆಗೆದಿಲ್ಲ, ಬಸ್ಸಲ್ಲಿ ಓಡಾಟ.

ಇಲ್ಲಿ ನನ್ನ ತಪ್ಪೊಂದು ಒಪ್ಪಿಕೋಬೇಕು. ಮೊದಲ ಸಲ ನಾನೂ "ಅದು ಕಥೆ ತಾನೇ ರಘು" ಅಂದುಬಿಟ್ಟೆ. ಅವರ ಮುಖ ಮುಚ್ಚಿಕೊಳ್ತು. ಅದು ಕಥೆ ಅಂತ ಅವರಿಗೆ ಗೊತ್ತಿಲ್ವಾ, ಕಾಸು ಕೊಟ್ಟು ತಂದವರು ಅವರೇ. ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯ ಬಾಗಿಲುಗಳ ಮೇಲೆಲ್ಲಾ 'ನಾಳೆ ಬಾ' ಅಂತ ಬರೆದಿದ್ರು, ಸುಳ್ಳು ಅಂತ ಅಪ್ಪ ನೂರು ಸಲ ಹೇಳಿದ್ರೂ ರಾತ್ರಿ ಬಾಗಿಲು ಬಡಿದ್ರೆ ನಾನು ಹೊದಿಕೆ ಒಳಗೇ. ಸುಳ್ಳು ಅಂತ ಗೊತ್ತಿರೋ ತಲೆ ಬೇರೆ, ಎದೆ ಡವಡವ ಅನ್ನೋದು ಬೇರೆ.

ಮೊದಲು ಕೇಳಬೇಕಾದ್ದು ಕೇಳಿದೆ. ಹಗಲು ಹೊತ್ತು ಯಾರೂ ಇಲ್ಲದಾಗ ಧ್ವನಿ ಕೇಳ್ಸುತ್ತಾ, ಇದು ಮಾಡು ಅದು ಮಾಡು ಅಂತ ಯಾರಾದ್ರೂ ಹೇಳ್ತಾರಾ, ಸಾಯಬೇಕು ಅನ್ಸುತ್ತಾ, ಕುಡಿತ ಏನಾದ್ರೂ ಇದೆಯಾ. ಯಾವುದೂ ಇಲ್ಲ. ಇದ್ದಿದ್ರೆ ನಾನು ಕೂರಿಸಿಕೊಂಡು ಮಾತಾಡ್ತಾ ಇರ್ತಿರಲಿಲ್ಲ, ಆವತ್ತೇ ಸೈಕಿಯಾಟ್ರಿಸ್ಟ್ ಹತ್ರ ಕಳಿಸ್ತಿದ್ದೆ.

ಇದ್ದದ್ದು ಎರಡು. ಒಂದು, ರಾತ್ರಿ ಮೂರರ ಸುಮಾರಿಗೆ ಎಚ್ಚರ ಆಗೋದು, ಕಣ್ಣು ಬಿಟ್ಟಿದೆ ಆದ್ರೆ ಕೈಕಾಲು ಅಲ್ಲಾಡಲ್ಲ, ಎದೆ ಮೇಲೆ ಯಾರೋ ಕೂತಂಗೆ. ಇನ್ನೊಂದು, ಮೇಲಿಂದ ಟಕ್ ಟಕ್ ಅಂತ ಸೌಂಡು. ಕಾದಂಬರಿಯಲ್ಲಿ ಕಾಟ ಶುರುವಾಗೋದೂ ಅಟ್ಟದ ಸೌಂಡಿಂದಾನೇ, ಇಲಿ ಇರಬೇಕು ಅಂತ ಬೋನು ಇಡಿಸ್ತಾರೆ. ಹಾಗಾಗಿ ರಘುಗೆ ಇಲಿ ಅಂತ ಸಮಾಧಾನ ಮಾಡ್ಕೊಳೋ ದಾರಿನೂ ಮುಚ್ಚಿಹೋಗಿತ್ತು ಪಾಪ.

ಮೈ ಕಟ್ಟಿಹಾಕಿದಂಗೆ ಆಗೋದಕ್ಕೆ ಸ್ಲೀಪ್ ಪ್ಯಾರಾಲಿಸಿಸ್ ಅಂತಾರೆ. ಕನಸು ಬೀಳೋ ನಿದ್ದೆಯಲ್ಲಿ ಮೆದುಳು ಕೈಕಾಲಿನ ಸ್ನಾಯುಗಳನ್ನ ಸಡಿಲ ಬಿಟ್ಟಿರುತ್ತೆ, ಇಲ್ಲಾಂದ್ರೆ ಕನಸಲ್ಲಿ ಓಡಿದ್ರೆ ಮಂಚದಿಂದ ಎದ್ದು ಓಡಿಬಿಡ್ತೀವಿ. ಕೆಲವೊಮ್ಮೆ ಎಚ್ಚರ ಮೊದಲು ಬಂದು ಕೈಕಾಲಿಗೆ ಅದು ಗೊತ್ತಾಗೋದು ಸ್ವಲ್ಪ ಲೇಟಾಗುತ್ತೆ, ಕನಸಿನ ಚೂರು ಕಣ್ಮುಂದೆನೇ ಉಳಿದಿರುತ್ತೆ. ಆ ನಿದ್ದೆ ರಾತ್ರಿಯ ಎರಡನೇ ಅರ್ಧದಲ್ಲೇ ಜಾಸ್ತಿ, ಅದಕ್ಕೇ ಮೂರು ನಾಲ್ಕು ಗಂಟೆ. ನಿದ್ದೆ ಕೆಟ್ಟಷ್ಟೂ ಇದು ಜಾಸ್ತಿ, ಇದು ಆದಷ್ಟೂ ನಿದ್ದೆ ಕೆಡುತ್ತೆ. ಮೂರು ಗಂಟೆ ದೆವ್ವದ ಟೈಮು ಅನ್ನೋದನ್ನ ಅವರು ರೀಲ್ಸಲ್ಲಿ ನೋಡಿ ಮನಸ್ಸಿಗೆ ಹಾಕ್ಕೊಂಡಿದ್ರು, ಪುಸ್ತಕದಿಂದ ಬಂದದ್ದಲ್ಲ.

ಎರಡನೇ ಸಲ ಬಂದಾಗ ನಾನು ದೆವ್ವದ ಮಾತೇ ಎತ್ತಲಿಲ್ಲ. ನಿಲ್ಲಿಸಿದ್ದು ಯಾವ ಪೇಜಲ್ಲಿ ಅಂತ ಕೇಳಿದೆ. ಹುಡುಗಿಯನ್ನ ಮಂಚಕ್ಕೆ ಕಟ್ಟಿರ್ತಾರಲ್ಲ, ಅಲ್ಲಿ ಅಂದ್ರು. ಅಂದವರು ಸುಮಾರು ಹೊತ್ತು ಸುಮ್ಮನೆ ಕೂತ್ರು. ಆಮೇಲೆ ಬಂತು. ಅವರಿಗೆ ಎಂಟು ವರ್ಷ ಇದ್ದಾಗ ಅರಸೀಕೆರೆ ಕಡೆ ಹಳ್ಳಿಯಲ್ಲಿ ಅವರ ಚಿಕ್ಕಮ್ಮಂಗೆ 'ಗಾಳಿ ಸೋಕಿದೆ' ಅಂತ ಒಬ್ಬನ ಹತ್ರ ಕರ್ಕೊಂಡು ಹೋಗಿದ್ರು. ಕಂಬಕ್ಕೆ ಕಟ್ಟಿ ಬೇವಿನ ಬರಲಲ್ಲಿ ಹೊಡೆದ್ರು, ಕೂದಲು ಹಿಡಿದು ಯಾರು ನೀನು ಹೇಳು ಹೇಳು ಅಂತ ಎಳೆದ್ರು. ಬೇವಿನ ಸೊಪ್ಪಿನ ಕಟ್ಟು ಹಿಡ್ಕೊಂಡು ನಿಂತು ಒಂದೊಂದೇ ಕಡ್ಡಿ ಕೊಡ್ತಾ ಇದ್ದಿದ್ದು ಈ ಹುಡುಗ. ಇವತ್ತು ಹಾಗೆ ಹೊಡೆದ್ರೆ ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆ ಪ್ರಕಾರ ಕೇಸಾಗುತ್ತೆ, ಆಗ ಕೇಳೋರಿರಲಿಲ್ಲ. ಆಮೇಲೆ ಹಾಸನದ ಡಾಕ್ಟರೊಬ್ಬರು ಫಿಟ್ಸ್ ಅಂತ ಹೇಳಿ ಮಾತ್ರೆ ಕೊಟ್ರು, ಚಿಕ್ಕಮ್ಮ ಈಗ ಆರಾಮಾಗಿ ಪೆಟ್ಟಿಗೆ ಅಂಗಡಿ ನಡೆಸ್ತಾರೆ. ಮನೇಲಿ ಯಾರೂ ಆ ದಿನದ ಮಾತೆತ್ತಲ್ಲ. ಕಾದಂಬರಿಯಲ್ಲೂ ಡಾಕ್ಟರುಗಳು ಹುಡುಗಿಗೆ ಫಿಟ್ಸ್ ಥರದ್ದೇ ಏನೋ ಇರಬಹುದು ಅಂತ ಪರೀಕ್ಷೆ ಮಾಡೋ ಪೇಜುಗಳಿವೆ, ಫ್ರೆಂಡಿಗೆ ಬೋರ್ ಹೊಡೆಸಿದ ಆ ಪೇಜುಗಳನ್ನೇ ಇವರು ಬೆವರುತ್ತಾ ಓದಿದ್ದು.

ಈ ಪುಸ್ತಕಕ್ಕೆ, ಸಿನಿಮಾಗೆ ಹೆದರಿದವರ ಬಗ್ಗೆ ಹೊಸದಾಗಿ ಹೇಳ್ತಿರೋದೇನಲ್ಲ ನಾನು. 1975ರಲ್ಲೇ ಅಮೆರಿಕದ ಒಬ್ಬ ಡಾಕ್ಟರು ಸಿನಿಮಾ ನೋಡಿ ಚಿಕಿತ್ಸೆಗೆ ಬಂದ ನಾಲ್ಕು ಜನರ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ರು, ಕಥೆ ಅವರವರ ಬದುಕಿಗೇ ಎಲ್ಲೋ ಹೋಗಿ ತಾಗಿತ್ತು ಅಂತ. ರಘುಗೆ ಇದನ್ನ ಹೇಳಿದೆ. "ಅಂದ್ರೆ ನಂಗೆ ಹುಚ್ಚಲ್ಲ" ಅಂದ್ರು. ಅಲ್ಲ ಅಂದೆ.

ಕೊಟ್ಟ ಸಲಹೆ ಹೇಳ್ತೀನಿ. ಮೊದಲನೇದು ಪುಸ್ತಕ ಡಿಕ್ಕಿಯಿಂದ ಹೊರಗೆ ಬರಬೇಕು. ಪೇಪರ್ ಬಿಚ್ಚಿ, ಅಡುಗೆ ಪುಸ್ತಕ, ಟ್ಯಾಲಿ ಗೈಡು ಇರೋ ಶೆಲ್ಫಲ್ಲೇ ಎಲ್ಲದರ ಜೊತೆ. ಬಚ್ಚಿಟ್ಟಷ್ಟೂ ಅದು ದೊಡ್ಡದಾಗುತ್ತೆ. ಮುಂದೆ ಓದ್ತೀರೋ ಬಿಡ್ತೀರೋ ನಿಮ್ಮಿಷ್ಟ, ಓದೋದಾದ್ರೆ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ದರ್ಶಿನಿಯಲ್ಲಿ ಕಾಫಿ ಹಿಡ್ಕೊಂಡು, ದೋಸೆ ಕಾವಲಿ ಚುಂಯ್ ಅನ್ನೋ ಕಡೆ, ಇಪ್ಪತ್ತು ನಿಮಿಷ, ಅಷ್ಟೇ.

ಹನುಮಾನ್ ಚಾಲೀಸಾ ಬಗ್ಗೆ ಹೆದರಿಕೊಂಡೇ ಹೇಳಿದ್ರು, ನಾನು ಬೈತೀನಿ ಅಂದ್ಕೊಂಡಿದ್ರೇನೋ. ಮಲಗೋ ಮುಂಚೆ ಹನ್ನೊಂದು ಸಲ, ಮಧ್ಯ ಒಂದು ಪದ ತಪ್ಪಿದ್ರೂ ಮತ್ತೆ ಒಂದರಿಂದ, ಹಿಂಗೆ ರಾತ್ರಿ ಒಂದು ಗಂಟೆ ಆಗ್ತಿತ್ತು. ಹೇಳ್ಕೊಳಿ, ಖಂಡಿತ ಹೇಳ್ಕೊಳಿ, ಒಂದೇ ಸಲ, ತಪ್ಪಿದ್ರೆ ತಪ್ಪಲಿ ಮುಂದಕ್ಕೆ ಹೋಗಿ ಅಂದೆ. ನಂಬಿಕೆಗೂ ನನಗೂ ಜಗಳ ಇಲ್ಲ, ಮತ್ತೆ ಮೊದಲಿಂದ ಅನ್ನೋ ಆ ಹಠದ ಜೊತೆ ಮಾತ್ರ.

ಮೈ ಕಟ್ಟಿದಂಗಾದಾಗ ಒದ್ದಾಡಬೇಡಿ, ಕಾಲಿನ ಹೆಬ್ಬೆರಳು ಮಾತ್ರ ಅಲ್ಲಾಡಿಸೋಕೆ ನೋಡಿ, ಉಸಿರು ನಿಧಾನ ಬಿಡಿ, ಒಂದೆರಡು ನಿಮಿಷದಲ್ಲಿ ಬಿಡುತ್ತೆ. ಅಂಗಾತ ಮಲಗೋರಿಗೆ ಇದು ಜಾಸ್ತಿ, ಮಗ್ಗುಲಾಗಿ ಮಲಗಿ. ಗಡಿಯಾರ ನೋಡಬೇಡಿ, ಮೊಬೈಲು ತಲೆ ಹತ್ರ ಬೇಡ. ಟಕ್ ಟಕ್‌ಗೆ, ಓನರ್ ಹತ್ರ ಕೀ ಇಸ್ಕೊಂಡು ಹಗಲಲ್ಲೇ ಟೆರೇಸಿಗೆ ಹೋಗಿ ಏನಿದೆ ಅಂತ ಕಣ್ಣಾರೆ ನೋಡಿ ಬನ್ನಿ.

ಈ ಕಥೆ 'ನಿಜವಾಗಿ ನಡೆದದ್ದು' ಅನ್ನೋ ಮಾತೂ ರಘು ತಲೆ ತಿಂತಿತ್ತು. ಅಮೆರಿಕದ ಮೇರಿಲ್ಯಾಂಡಿನ ಒಬ್ಬ ಹುಡುಗನಿಗೆ ದೆವ್ವ ಬಿಡಿಸಿದ್ರು ಅಂತ 1949ರಲ್ಲಿ ಬಂದ ಪೇಪರ್ ಸುದ್ದಿ ಓದಿ ಬ್ಲಾಟಿಗೆ ಈ ಕಥೆ ಹುಟ್ಟಿದ್ದು ಹೌದು. ಆ ಹುಡುಗ ದೊಡ್ಡವನಾಗಿ ಕೆಲಸ ಮಾಡಿ ಎಲ್ಲರಂಗೆ ಬದುಕಿದ, ಅದನ್ನ ಯಾವ ರೀಲೂ ಹೇಳಲ್ಲ. ಇನ್ನೊಂದು, ಇದನ್ನ ಬರೆಯೋ ಮುಂಚೆ ಬ್ಲಾಟಿ ಕಾಮಿಡಿ ಬರೀತಿದ್ದೋರು, ಎಡವಟ್ಟು ಪೊಲೀಸ್ ಇನ್ಸ್‌ಪೆಕ್ಟರ್ ಕ್ಲೂಸೋನ 1964ರ ಒಂದು ಕಾಮಿಡಿ ಸಿನಿಮಾಗೆ ಚಿತ್ರಕಥೆಯಲ್ಲಿ ಕೈ ಅವರದ್ದು. ರಘು ಮೊದಲ ಸಲ ನಕ್ಕಿದ್ದು ಆಗಲೇ.

ಚಿಕ್ಕಮ್ಮನ ವಿಷಯ ನಾನು ಸಲಹೆ ಅಂತ ಹೇಳಲಿಲ್ಲ, ಅವರೇ ಹೋಗ್ತೀನಿ ಅಂದ್ರು. ಹೋಗಿ, ಆದ್ರೆ ಕ್ಷಮೆ ಕೇಳೋಕೆ ಅಂತ ಹೋಗಬೇಡಿ, ಅವರ ಹಳೇ ಗಾಯ ಕೆದಕಿ ನೀವು ಹಗುರ ಆಗೋದು ಸರಿಯಲ್ಲ, ಅವರಾಗೇ ಮಾತು ತೆಗೆದ್ರೆ ನೋಡಿ ಅಂದೆ. ಅಂಗಡಿ ಮುಂದೆ ಕೂತು ಟೀ ಕುಡಿಯುವಾಗ ಅವರಾಗೇ ತೆಗೆದ್ರಂತೆ. "ಆವತ್ತು ನನ್ ಕೂದ್ಲು ಕಿತ್ತಿದ್ದು ಗ್ಯಾಪ್ಕ ಐತೆ, ಇನ್ನೇನೂ ಗ್ಯಾಪ್ಕಿಲ್ಲ ಕಣ್ಲಾ. ನೀನು ಇದ್ಯಾ ಅಲ್ಲಿ?" ಇದ್ದೆ ಚಿಕ್ಕಮ್ಮ ಅಂದ್ರಂತೆ. ಅವರು ಒಂದು ಗಳಿಗೆ ಸುಮ್ಮನಿದ್ದು, ಹುಡುಗಿ ನೋಡಿದ್ರಾ ನಿಮ್ಮಪ್ಪ ಅಂತ ಕೇಳಿದ್ರಂತೆ.

ಆರು ಸಲ ಬಂದ್ರು ಒಟ್ಟು. ಹತ್ತಿರದಲ್ಲಿ ಯಾರೂ ಸಿಗದೇ ಇದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಪುಸ್ತಕ ಓದಿ ಭಯ ಆಗಿದೆ ಅಂತ ಹೇಳೋಕೆ ನಾಚಿಕೆ ಬೇಡ.

ಈಗ ಸ್ಕೂಟರಲ್ಲೇ ಓಡಾಟ. ಮೈ ಕಟ್ಟೋದು ತಿಂಗಳಲ್ಲಿ ಒಂದ್ಸಲ ಆಗಿದೆ. ಪುಸ್ತಕ ಶೆಲ್ಫಲ್ಲಿದೆ, ನಿಲ್ಲಿಸಿದ ಪೇಜಿಂದ ಇಪ್ಪತ್ತು ಪೇಜ್ ಮುಂದೆ, ಗುರುತಿಗೆ ಅರಸೀಕೆರೆ ಬಸ್ ಟಿಕೆಟ್. ಟೆರೇಸ್ ಮೇಲಿನ ಸೌಂಡು ಟ್ಯಾಂಕಿಗೆ ನೀರು ಏರಿಸೋ ಪೈಪಿಂದು, ರಾತ್ರಿ ಆಟೋಮ್ಯಾಟಿಕ್ ಆಗಿ ಮೋಟರ್ ಆನ್ ಆದಾಗ ಕ್ಲಾಂಪ್ ಸಡಿಲ ಆಗಿ ಗೋಡೆಗೆ ಬಡಿಯುತ್ತೆ. ಓನರಿಗೆ ಮೂರು ಸಲ ಹೇಳಿದಾರೆ, ಇನ್ನೂ ಸರಿ ಮಾಡ್ಸಿಲ್ಲ.