ಕೈಯಾರೆ ಮಾಡುವ ಶುಭಾಶಯ ಪತ್ರ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಶುಭಾಶಯ ಪತ್ರಗಳನ್ನು ಮನೆಯಲ್ಲೇ ಮಾಡಿ ಮಾರುವ ಬಗ್ಗೆ ಬೆಂಗಳೂರಿನ ಹಲವು ಬಡಾವಣೆಗಳಿಂದ ಪ್ರಶ್ನೆಗಳು ಬಂದಿವೆ. ಹೆಚ್ಚಿನವರಿಗೆ ಉಪಯೋಗವಾಗುವಂಥವನ್ನು ಆರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ದುಬಾರಿ ಬಣ್ಣದ ಕಾರ್ಡ್ ತಂದರೂ ಮಡಚಿದ ಕಡೆ ಬಿರುಕು ಬಿಟ್ಟು ಬಿಳಿ ಗೆರೆ ಕಾಣುತ್ತದೆ. ಏನು ಮಾಡಲಿ? (ವಿಜಯನಗರ)

ಇದಕ್ಕೆ ಮೂರು ಕಾರಣಗಳಿರಬಹುದು. ಹಾಳೆಯನ್ನು ನಾರಿಗೆ ಅಡ್ಡಲಾಗಿ ಮಡಚಿರುವುದೇ ಸಾಮಾನ್ಯವಾಗಿ ಮೊದಲ ಕಾರಣ. ಯಂತ್ರದಲ್ಲಿ ತಯಾರಾದ ಕಾಗದದ ನಾರು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತದೆ. ಆ ದಿಕ್ಕಿನ ಉದ್ದಕ್ಕೇ ಮಡಚಿದರೆ ಗೆರೆ ನಯವಾಗಿ ಬರುತ್ತದೆ, ಅಡ್ಡಕ್ಕೆ ಮಡಚಿದರೆ ನಾರು ಮುರಿಯುತ್ತದೆ. ದಿಕ್ಕು ತಿಳಿಯಲು ಹಾಳೆಯನ್ನು ಮಡಚದೆ, ಮೊದಲು ಉದ್ದಕ್ಕೆ, ಆಮೇಲೆ ಅಗಲಕ್ಕೆ ಮೆಲ್ಲಗೆ ಬಾಗಿಸಿ ನೋಡಿ. ಎತ್ತ ಸುಲಭವಾಗಿ ಬಾಗುತ್ತದೋ ಆ ಬಾಗಿನ ಗೆರೆಯ ಉದ್ದಕ್ಕೆ ನಾರಿದೆ ಎಂದರ್ಥ. ಅನುಮಾನವಿದ್ದರೆ ಎರಡು ಅಂಗುಲದ ಚೂರು ಕತ್ತರಿಸಿ ಒಂದೇ ಮಗ್ಗುಲಿಗೆ ನೀರು ಸವರಿ. ಅದು ಕೊಳವೆಯಂತೆ ಸುರುಳಿ ಸುತ್ತಿಕೊಳ್ಳುತ್ತದೆ, ಆ ಕೊಳವೆಯ ಉದ್ದವೇ ನಾರಿನ ದಿಕ್ಕು. ಕೈಯಿಂದ ಎತ್ತಿದ ಹ್ಯಾಂಡ್‌ಮೇಡ್ ಪೇಪರಿನಲ್ಲಿ ನಾರು ಎಲ್ಲ ಕಡೆಗೂ ಚದುರಿರುವುದರಿಂದ ಈ ತೊಂದರೆ ತೀರಾ ಕಡಿಮೆ.

ಎರಡನೆಯದು, ಗೆರೆ ಕೊರೆಯದೆ ಮಡಚುವುದು. 200 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ದಾಟಿದ ಯಾವ ಹಾಳೆಯನ್ನೂ ಹಾಗೇ ಮಡಚಬಾರದು. ಅಡಿಗೆ ನಾಲ್ಕೈದು ಪದರ ದಿನಪತ್ರಿಕೆ ಹಾಸಿ, ಸ್ಟೀಲ್ ಸ್ಕೇಲ್ ಇಟ್ಟು, ಇಂಕು ಮುಗಿದ ಬಾಲ್ ಪೆನ್ನಿನಿಂದ ಒಂದೇ ಗೆರೆಯ ಮೇಲೆ ಎರಡು ಮೂರು ಸಲ ಒತ್ತಿ ಎಳೆಯಿರಿ. ಬ್ಲೇಡ್ ಬೇಡ, ಅದು ನಾರನ್ನೇ ಕತ್ತರಿಸಿಬಿಡುತ್ತದೆ. ಕೊರೆದ ಹಳ್ಳ ಕಾರ್ಡಿನ ಹೊರಮೈಗೆ ಬರಬೇಕು, ಹಿಂಬದಿ ಎದ್ದ ಉಬ್ಬು ಒಳಗೆ ಹೋಗಬೇಕು. ಬಹಳ ಮಂದಿ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಉಬ್ಬು ಒಳಗಿದ್ದರೆ ಹೊರಗಿನ ನಾರಿನ ಮೇಲೆ ಎಳೆತ ಕಡಿಮೆ.

ಬಿಳಿ ಗೆರೆ ಕಾಣುತ್ತಿದೆ ಎಂದಿದ್ದೀರಿ. ಅಂದರೆ ನಿಮ್ಮ ಕಾರ್ಡಿಗೆ ಮೇಲ್ಮೈಯಲ್ಲಷ್ಟೇ ಬಣ್ಣವಿದೆ, ಮೂರನೆಯ ಕಾರಣ ಇದೇ. ಕೊಳ್ಳುವಾಗ ಕತ್ತರಿಸಿದ ಅಂಚನ್ನು ನೋಡಿ, ಒಳಗೂ ಅದೇ ಬಣ್ಣವಿದ್ದರೆ ಮಾತ್ರ ತನ್ನಿ. ಹೊಳಪಿನ ಆರ್ಟ್ ಕಾರ್ಡ್ ಮಡಚುವ ಕೆಲಸಕ್ಕೆ ಒಗ್ಗುವುದಿಲ್ಲ. 250ರಿಂದ 300 ಜಿಎಸ್‌ಎಂನ ಹೊಳಪಿಲ್ಲದ ಹಾಳೆಯೇ ಸರಿ.

ಪ್ರಶ್ನೆ: ಎ4 ಹಾಳೆಯ ಪ್ಯಾಕೆಟ್ ತರುವುದೋ, ದೊಡ್ಡ ಹಾಳೆಯೋ? (ಯಲಹಂಕ)

ತಿಂಗಳಿಗೆ ಹತ್ತಿಪ್ಪತ್ತು ಕಾರ್ಡ್ ಮಾಡುವವರಿಗೆ ಎ4 ಸಾಕು. ಒಂದು ಹಾಳೆಯನ್ನು ಅರ್ಧ ಮಾಡಿದರೆ 148 x 210 ಮಿ.ಮೀ.ನ ಎರಡು ತುಂಡು, ಅಂದರೆ ಎರಡು ಕಾರ್ಡ್. ಅದಕ್ಕಿಂತ ಹೆಚ್ಚು ಮಾಡುವುದಾದರೆ ಸುಲ್ತಾನ್‌ಪೇಟೆ, ಅವೆನ್ಯೂ ರಸ್ತೆಯ ಪೇಪರ್ ಅಂಗಡಿಗಳಿಗೆ ಹೋಗಿ 23 x 36 ಅಂಗುಲದ ಹಾಳೆ ಕೇಳಿ. ಅದು ಸುಮಾರು 584 x 914 ಮಿ.ಮೀ. ಎಲ್ಲ ತುಂಡಿನ ನಾರೂ ಒಂದೇ ದಿಕ್ಕಿಗಿರುವಂತೆ ಕತ್ತರಿಸಿದರೆ ಇದರಲ್ಲಿ 148 x 210ರ ತುಂಡು 12 ಬರುತ್ತವೆ. ಅಳತೆಯನ್ನು 145 x 210 ಮಾಡಿಕೊಂಡರೆ 16 ಬರುತ್ತವೆ! ಮೂರು ಮಿಲಿಮೀಟರ್ ಬಿಟ್ಟುಕೊಟ್ಟದ್ದಕ್ಕೆ ನಾಲ್ಕು ಕಾರ್ಡ್ ಲಾಭ. ಆದರೆ 16ರ ಲೆಕ್ಕದಲ್ಲಿ ಮಡಿಕೆ 23 ಅಂಗುಲದ ಬದಿಗೆ ಸಮನಾಗಿ ಬರುತ್ತದೆ, ಆದ್ದರಿಂದ ನಾರೂ ಆ ಕಡೆಗೇ ಇರಬೇಕು. ಅಂಗಡಿಯಲ್ಲೇ ಬಾಗಿಸಿ ನೋಡಿ ಕೊಳ್ಳಿ. ಮಡಚಿದ ಕಾರ್ಡ್ 105 x 145 ಆಗುತ್ತದೆ, 114 x 162 ಮಿ.ಮೀ.ನ ಸಿ6 ಕವರಿಗೆ ಸಲೀಸಾಗಿ ಕೂರುತ್ತದೆ. ಕತ್ತರಿಸುವ ಕೆಲಸವನ್ನು ಕಟಿಂಗ್ ಮಷಿನ್ ಇರುವವರಿಗೆ ಕೊಡುವುದೇ ಮೇಲು. ಕೈಕತ್ತರಿಯ ಅಂಚು ಎಷ್ಟು ಜೋಪಾನ ಮಾಡಿದರೂ ಸೊಟ್ಟಗಾಗುತ್ತದೆ, ಕೊಳ್ಳುವವರ ಕಣ್ಣಿಗೆ ಮೊದಲು ಬೀಳುವುದೂ ಅದೇ.

ಪ್ರಶ್ನೆ: ಫೆವಿಕಾಲ್ ಹಚ್ಚಿದ ಕಾರ್ಡ್ ಮಳೆಗಾಲದಲ್ಲಿ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಕ್ವಿಲ್ಲಿಂಗ್ ಹೂವು (ಕಾಗದದ ಪಟ್ಟಿಗಳನ್ನು ಸುರುಳಿ ಸುತ್ತಿ ಮಾಡಿದ್ದು) ಇರುವುದರಿಂದ ಮೇಲೆ ಭಾರವನ್ನೂ ಇಡುವಂತಿಲ್ಲ. (ಬನಶಂಕರಿ)

ಬಿಳಿ ಗೋಂದಿನಲ್ಲಿ ನೀರಿದೆ. ಕಾಗದ ಆ ನೀರು ಕುಡಿದು ಹಿಗ್ಗುತ್ತದೆ, ಒಣಗುವಾಗ ಕುಗ್ಗುತ್ತಾ ಕೆಳಗಿನ ಕಾರ್ಡನ್ನೂ ಎಳೆಯುತ್ತದೆ. ಗಾಳಿಯಲ್ಲಿ ತೇವವಿದ್ದಾಗ ಒಣಗುವುದು ನಿಧಾನವಾಗಿ, ಸೊಟ್ಟಾಗುವುದೂ ಹೆಚ್ಚುತ್ತದೆ. ಆದ್ದರಿಂದ ಹಾಳೆಯ ಮೇಲೆ ಹಾಳೆ ಅಂಟಿಸಲು ಗೋಂದು ಬಿಡಿ. ಡಬಲ್ ಸೈಡ್ ಟೇಪನ್ನು ನಾಲ್ಕು ಅಂಚಿಗೂ, ನಡುವೆ ಒಂದು ಗುಣಿಸು ಚಿಹ್ನೆಯಂತೆಯೂ ಹಾಕಿ. ಎರಡೂ ಹಾಳೆಗಳ ನಾರು ಒಂದೇ ದಿಕ್ಕಿಗಿರಲಿ.

ಕ್ವಿಲ್ಲಿಂಗ್ ಹೂವನ್ನು ಕಾರ್ಡಿನ ಮೇಲೆ ನೇರವಾಗಿ ಅಂಟಿಸಬೇಡಿ. ಕಾರ್ಡಿಗಿಂತ ಸುತ್ತ 5 ಮಿ.ಮೀ. ಚಿಕ್ಕದಾದ ಬೇರೆ ತುಂಡಿನ ಮೇಲೆ ಅಂಟಿಸಿ. ಗೋಂದನ್ನು ಸೂಜಿಮೂತಿಯ ಬಾಟಲಿಯಿಂದ ಸುರುಳಿಯ ಅಡಿಗೆ ಮೂರು ನಾಲ್ಕು ಚುಕ್ಕೆಯಷ್ಟೇ ಇಡಿ. ಸುರುಳಿ ಪಕ್ಕದಲ್ಲಿ ಗೋಂದು ಉಕ್ಕಿ ಬಂದರೆ ಅದು ಹೆಚ್ಚಾಗಿದೆ ಎಂದೇ ಲೆಕ್ಕ. ರಾತ್ರಿಯಿಡೀ ಒಣಗಿದ ಮೇಲೆ ತುಂಡು ಸಮತಟ್ಟಾಗಿದ್ದರೆ ಟೇಪಿನಿಂದ ಕಾರ್ಡಿಗೆ ಕೂರಿಸಿ. ಸೊಟ್ಟಾಗಿದ್ದರೆ ಹಾಳಾಗುವುದು ಆ ತುಂಡು ಮಾತ್ರ, ಕಾರ್ಡ್ ಉಳಿಯುತ್ತದೆ. ಖಾಲಿ ಹಾಳೆಗಳನ್ನು ನಿಲ್ಲಿಸಿ ಇಡಬೇಡಿ. ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಲಗಿಸಿ, ಸಿಲಿಕಾ ಜೆಲ್ ಪೊಟ್ಟಣಗಳನ್ನು ಜೊತೆಗಿಡಿ.

ಪ್ರಶ್ನೆ: ಚಿನ್ನದ ಬಣ್ಣದ ಜೆಲ್ ಪೆನ್ನಿನ ಬರಹ ಉಜ್ಜಿಹೋಗುತ್ತದೆ. (ಕೆಂಗೇರಿ)

ಹೊಳಪಿನ ಕಾಗದ ಇಂಕನ್ನು ಹೀರುವುದಿಲ್ಲ, ಅದಕ್ಕೇ. ಹೊಳಪಿಲ್ಲದ ಪಟ್ಟಿಯ ಮೇಲೆ ಬರೆದು ಒಣಗಿಸಿ, ಆಮೇಲೆ ಕಾರ್ಡಿಗೆ ಅಂಟಿಸಿ.

ಪ್ರಶ್ನೆ: ಒಂದು ಕಾರ್ಡಿಗೆ ಎಷ್ಟು ಬೆಲೆ ಇಡುವುದು? ಗಿಫ್ಟ್ ಅಂಗಡಿಯವರು ಮಾರಿದ ಬೆಲೆಯಲ್ಲಿ ನೂರಕ್ಕೆ 35 ಕೇಳುತ್ತಿದ್ದಾರೆ. (ರಾಜಾಜಿನಗರ)

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹಾಳೆಗೆ 6 ರೂಪಾಯಿ, ಬಣ್ಣದ ಪಟ್ಟಿಗಳಿಗೆ 8, ಗೋಂದು ಮತ್ತು ಟೇಪಿಗೆ 3, ಕವರಿಗೆ 5, ಪಾರದರ್ಶಕ ಹೊದಿಕೆಗೆ 2, ಒಟ್ಟು 24. ಹಾಳಾಗುವ ಸಾಮಾನಿಗೆಂದು ನೂರಕ್ಕೆ ಹತ್ತು ಸೇರಿಸಿದರೆ 26.40. ಕಾರ್ಡಿಗೆ 40 ನಿಮಿಷ ಹಿಡಿದರೆ, ಗಂಟೆಗೆ 120 ರೂಪಾಯಿಯಂತೆ ಕೂಲಿ 80. ಅಲ್ಲಿಗೆ ಅಸಲು 106.40.

ಇಲ್ಲಿ ಒಂದು ತಪ್ಪು ಲೆಕ್ಕ ಬಹಳ ಚಾಲ್ತಿಯಲ್ಲಿದೆ. 106.40ಕ್ಕೆ ಶೇಕಡ 35 ಸೇರಿಸಿ 144 ರೂಪಾಯಿ ಎಂದು ಬರೆಯುತ್ತಾರೆ. ಅಂಗಡಿಯವರು 35 ಹಿಡಿಯುವುದು ನಿಮ್ಮ ಅಸಲಿನ ಮೇಲಲ್ಲ, ಮಾರಾಟದ ಬೆಲೆಯ ಮೇಲೆ. 144ರಲ್ಲಿ ಅವರ ಪಾಲು ಕಳೆದರೆ ನಿಮಗೆ ಸಿಗುವುದು 93 ಚಿಲ್ಲರೆ, ಅಂದರೆ ಕೈಯಿಂದಲೇ ಸುಮಾರು 13 ರೂಪಾಯಿ ಕೊಟ್ಟಂತೆ. ಅಸಲನ್ನು 0.65ರಿಂದ ಭಾಗಿಸಿ, 163.70 ಬರುತ್ತದೆ. 165 ಎಂದು ಬೆಲೆ ಇಡಿ. ಅಷ್ಟಕ್ಕೆ ಹೋಗುವುದಿಲ್ಲ ಎನ್ನಿಸಿದರೆ ಕೂಲಿ ಕಡಿಮೆ ಮಾಡಬೇಡಿ, ಸಮಯ ಕಡಿಮೆ ಮಾಡಿ. ಒಂದೊಂದೇ ಕಾರ್ಡ್ ಮುಗಿಸುವ ಬದಲು ಹತ್ತು ಕಾರ್ಡಿನ ಗೆರೆ ಒಟ್ಟಿಗೆ ಕೊರೆಯಿರಿ, ಹತ್ತಕ್ಕೂ ಬೇಕಾದ ಸುರುಳಿಗಳನ್ನು ಒಟ್ಟಿಗೆ ಸುತ್ತಿ. ಹವ್ಯಾಸ ತಾನೇ ಎಂದು ಕೂಲಿ ಬಿಟ್ಟು ಮಾರುವವರು ತಮ್ಮ ಜೊತೆಗೆ ಇದನ್ನೇ ನಂಬಿ ಬದುಕುವವರ ಬೆಲೆಯನ್ನೂ ಕೆಡಿಸುತ್ತಾರೆ. ಈ ವಿಷಯದಲ್ಲಿ ದಾಕ್ಷಿಣ್ಯ ಬೇಡ.

ಜಿಎಸ್‌ಟಿ ಬಗ್ಗೆಯೂ ಕೇಳಿದ್ದೀರಿ. ಕರ್ನಾಟಕದೊಳಗೇ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ಹೊರರಾಜ್ಯಕ್ಕೆ ಕಳಿಸುವಾಗ ನಿಯಮ ಬೇರೆ, ಮೊದಲೇ ತೆರಿಗೆ ಸಲಹೆಗಾರರನ್ನು ಕಾಣಿ.

ಪ್ರಶ್ನೆ: ಕಾರ್ಡಿನ ಮೇಲೆ ಡಿವಿಜಿ, ಬೇಂದ್ರೆ, ಕುವೆಂಪು ಅವರ ಸಾಲು ಬರೆದು ಮಾರಬಹುದೇ? (ಮಲ್ಲೇಶ್ವರ)

ಅನುಮತಿ ಇಲ್ಲದೆ ಬೇಡ. ನಮ್ಮ ಕಾಯ್ದೆಯಂತೆ ಕೃತಿಸ್ವಾಮ್ಯ ಲೇಖಕರ ಜೀವಿತಕಾಲ ಮತ್ತು ಅವರು ತೀರಿಕೊಂಡ ಮರುವರ್ಷದ ಮೊದಲಿನಿಂದ 60 ವರ್ಷ ಇರುತ್ತದೆ. ಡಿವಿಜಿ ತೀರಿಕೊಂಡದ್ದು 1975ರಲ್ಲಿ, ಹಾಗಾಗಿ 2035ರ ಕೊನೆಯವರೆಗೆ. ಬೇಂದ್ರೆಯವರದು (1981) 2041ರವರೆಗೆ, ಕುವೆಂಪು ಅವರದು (1994) 2054ರವರೆಗೆ. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ ಅವರ ಸಾಲುಗಳು ಈಗ ಎಲ್ಲರ ಸ್ವತ್ತು. ವಚನ, ದಾಸರ ಪದ, ಗಾದೆಗಳಿಗೆ ಅಡ್ಡಿಯಿಲ್ಲ. ಮನೆಯವರಿಗೆಂದು ಒಂದು ಕಾರ್ಡ್ ಬರೆದುಕೊಡುವುದು ಬೇರೆ, ಮಾರುವುದು ಬೇರೆ. ಸಿನಿಮಾ ಹಾಡು, ಕಾರ್ಟೂನ್ ಗೊಂಬೆಗಳ ವಿಷಯದಲ್ಲೂ ಇದೇ ಎಚ್ಚರ ಇರಲಿ.

ಪ್ರಶ್ನೆ: ಹಬ್ಬ ಕಳೆದ ಮೇಲೆ ಕಾರ್ಡ್ ಯಾರೂ ಕೇಳುವುದಿಲ್ಲ. ವರ್ಷವಿಡೀ ಹೋಗುವಂಥದ್ದು ಏನಿದೆ? (ಜಯನಗರ)

ಮುಯ್ಯಿ ಕವರ್. ಮದುವೆ, ಗೃಹಪ್ರವೇಶ, ನಾಮಕರಣ, ಸೀಮಂತ, ಷಷ್ಟ್ಯಬ್ದಿ ಎಂದು ಬೇಡಿಕೆ ಇದ್ದೇ ಇರುತ್ತದೆ. 500ರ ನೋಟು 66 x 150 ಮಿ.ಮೀ. ಇದೆ, ಆದ್ದರಿಂದ ಮುಗಿದ ಕವರಿನ ಅಳತೆ 75 x 160 ಇರಲಿ. 184 x 185 ಮಿ.ಮೀ. ಹಾಳೆ ಕತ್ತರಿಸಿ. 184ರ ಬದಿಯಲ್ಲಿ ಎರಡೂ ಕಡೆ ಅಂಟಿಸುವ 12 ಮಿ.ಮೀ. ಪಟ್ಟಿ ಬಿಟ್ಟರೆ 160 ಉಳಿಯುತ್ತದೆ. 185ರ ಬದಿಯಲ್ಲಿ ಮುಂಭಾಗ 75, ಹಿಂಭಾಗ 75, ಮುಚ್ಚಳ 35. ಅಂಟಿಸುವ ಪಟ್ಟಿಗಳನ್ನು ಹಿಂಭಾಗಕ್ಕೆ ಮಾತ್ರ ಉಳಿಸಿಕೊಂಡು ಉಳಿದ ಕಡೆ ಕತ್ತರಿಸಿಹಾಕಿ, ಇಲ್ಲದಿದ್ದರೆ ಮೂಲೆ ದಪ್ಪವಾಗುತ್ತದೆ. ಕಾಗದ 120 ಜಿಎಸ್‌ಎಂ ಸಾಕು. ಒಂದು ರೂಪಾಯಿ ನಾಣ್ಯಗಳು ಬೇರೆ ಬೇರೆ ಗಾತ್ರದಲ್ಲಿವೆ, ಅಳತೆಯ ತೂತು ಕೊರೆಯಬೇಡಿ. ಒಂದು ಸೆಂ.ಮೀ. ಟೇಪಿನಿಂದ ಅಂಟಿಸಿದರಾಯಿತು. ಆಷಾಢದಲ್ಲಿ ಮದುವೆಗಳು ಇರುವುದಿಲ್ಲ, ಆ ತಿಂಗಳನ್ನು ವರಮಹಾಲಕ್ಷ್ಮಿ ಹಬ್ಬದ ಸರಕು ಸಿದ್ಧ ಮಾಡಲು ಇಟ್ಟುಕೊಳ್ಳಿ.

ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಗೆ, ಕೈಯಿಂದ ಚಿತ್ರ ಬರೆದ ಕಾರ್ಡ್ ಮಾಡುವವರು ಮುಂಚಿತವಾಗಿ ಅರ್ಜಿ ಹಾಕಬಹುದು. ಕ್ವಿಲ್ಲಿಂಗ್‌ನಂಥ ಕರಕುಶಲಕ್ಕೆ ದೀಪಾವಳಿ ಮುಂಚೆ ಅಪಾರ್ಟ್‌ಮೆಂಟ್‌ಗಳಲ್ಲಿ ಹಾಕುವ ಮಳಿಗೆಗಳೇ ಹೆಚ್ಚು ಹೊಂದುತ್ತವೆ. ಕಾರ್ಡ್‌ಗಳನ್ನು ಮೇಜಿನ ಮೇಲೆ ಹರಡದೆ ಕಣ್ಣಿಗೆ ಎದುರಾಗಿ ನಿಲ್ಲಿಸಿ. ಪಾರದರ್ಶಕ ಹೊದಿಕೆಯ ಅಂಟು ಮುಚ್ಚಳದ ಮೇಲಿರದೆ ಚೀಲದ ಮೈಮೇಲಿರಲಿ. ಮುಚ್ಚಳದ ಮೇಲಿದ್ದರೆ ಕಾರ್ಡ್ ತೆಗೆದು ತೋರಿಸುವಾಗ ಹೂವು ಅದಕ್ಕೆ ಅಂಟಿ ಕಿತ್ತು ಬರುತ್ತದೆ.

ಪ್ರಶ್ನೆ: ಅಂಚೆಯಲ್ಲಿ ಕಳಿಸಿದರೆ ಕ್ವಿಲ್ಲಿಂಗ್ ಚಪ್ಪಟೆಯಾಗುತ್ತದೆ. (ಬಸವನಗುಡಿ)

3 ಮಿ.ಮೀ. ಪಟ್ಟಿಯ ಹೂವಾದರೆ ಅದಕ್ಕಿಂತ ದಪ್ಪನೆಯ ರಟ್ಟಿನಲ್ಲಿ, ನಡುವೆ ಕಿಟಕಿ ಕೊರೆದು, ಕಾರ್ಡಿನಷ್ಟೇ ದೊಡ್ಡ ಚೌಕಟ್ಟು ಮಾಡಿ ಕಾರ್ಡಿನ ಮೇಲಿಡಿ. ಅದರ ಮೇಲೆ ಇನ್ನೊಂದು ತೆಳು ರಟ್ಟು. ಮುದ್ರೆ ಒತ್ತುವಾಗಿನ ಭಾರ ಚೌಕಟ್ಟಿನ ಮೇಲೆ ಬೀಳುತ್ತದೆ, ಹೂವು ಉಳಿಯುತ್ತದೆ. 250 ಜಿಎಸ್‌ಎಂನ ಸಾದಾ ಚಿಕ್ಕ ಕಾರ್ಡ್ 8 ಗ್ರಾಂ ಒಳಗಿದ್ದು, ಕವರ್ ಸೇರಿದರೂ ಸಾಮಾನ್ಯ ಪತ್ರದ ಮೊದಲ ಹಂತವಾದ 20 ಗ್ರಾಂ ದಾಟುವುದಿಲ್ಲ. ಚೌಕಟ್ಟು ಬಂದರೆ ದಾಟುತ್ತದೆ, ತೂಗಿಸಿಯೇ ಅಂಚೆಚೀಟಿ ಹಚ್ಚಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಗಿದೆ, ಆದ್ದರಿಂದ ದುಡ್ಡು ಪಡೆದು ಕಳಿಸುವ ಕಾರ್ಡನ್ನು ಸ್ಪೀಡ್ ಪೋಸ್ಟ್‌ನಲ್ಲೇ ಕಳಿಸಿ, ಆ ಖರ್ಚನ್ನು ಕಾರ್ಡಿನ ಬೆಲೆಯಲ್ಲಿ ಅಡಗಿಸದೆ ಬೇರೆಯಾಗಿ ತೋರಿಸಿ.