ಆಲ್ಬುಕರ್ಕಿಗೆ ಬಂದವರಿಗೆ: ಆ ಎರಡು ಕೊರಳಿನ ಹೂಜಿಯ ಬಗ್ಗೆ

ನಮಸ್ಕಾರ, ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯಕ್ಕೆ ಸ್ವಾಗತ. ನೀವು ಎರಡು ವಿಷಯ ಕೇಳಿದ್ದೀರಿ. ಆಲ್ಬುಕರ್ಕಿಯಲ್ಲಿ ಬದುಕು ಹೇಗೆ, ಇಲ್ಲಿಯವರ ಜೊತೆ ಬೆರೆಯೋದು ಹೇಗೆ ಅನ್ನೋದು ಒಂದು. ಇನ್ನೊಂದು ನಿಮ್ಮ ನಾದಿನಿಯ ಮದುವೆ ಉಡುಗೊರೆ. ಡಿಸೆಂಬರಿನಲ್ಲಿ ದಾವಣಗೆರೆಯಲ್ಲಿ ಮದುವೆ. ಓಲ್ಡ್ ಟೌನ್ ಅಂಗಡಿಯಲ್ಲಿ ‘ವೆಡ್ಡಿಂಗ್ ವಾಸ್’ ಅಂತ ಎರಡು ಕೊರಳಿನ ಹೂಜಿ ನೋಡಿದಿರಿ. ಒಂದಕ್ಕೆ 40 ಡಾಲರ್, ಅಷ್ಟೇ ಎತ್ತರದ ಇನ್ನೊಂದಕ್ಕೆ 900 ಡಾಲರ್. ಯಾಕೆ ಹೀಗೆ, ಯಾವುದು ಕೊಳ್ಳಲಿ ಅಂತ ಕೇಳಿದ್ದೀರಿ.

ಮೊದಲನೆಯದನ್ನು ಬೇಗ ಹೇಳಿಬಿಡುತ್ತೇನೆ. ಊರು ಸಮುದ್ರಮಟ್ಟದಿಂದ 5,000 ಅಡಿಗೂ ಮೇಲಿದೆ, ಹವೆ ಬಹಳ ಒಣ. ಶುರುವಿನಲ್ಲಿ ಸುಸ್ತು, ತಲೆನೋವು ಬಂದರೆ ಗಾಬರಿಯಾಗಬೇಡಿ, ನೀರು ಜಾಸ್ತಿ ಕುಡಿಯಿರಿ. ತುಟಿ, ಹಿಮ್ಮಡಿ ಒಡೆಯುತ್ತವೆ, ಕೊಬ್ಬರಿ ಎಣ್ಣೆ ಕೈಗೆಟುಕುವ ಹಾಗೆ ಇಟ್ಟುಕೊಳ್ಳಿ. ಕಾರಿಲ್ಲದೆ ಇಲ್ಲಿ ಆಗುವುದಿಲ್ಲ. ನಮ್ಮವರು ಕ್ಯಾಲಿಫೋರ್ನಿಯಾದಷ್ಟು ಇಲ್ಲ, ಆದರೆ ಇದ್ದಾರೆ. ಖಾರಕ್ಕಂತೂ ಕೊರತೆಯೇ ಇಲ್ಲ. ಹೋಟೆಲಿನಲ್ಲಿ ‘ಕೆಂಪೋ, ಹಸಿರೋ’ ಅಂತ ಕೇಳಿದರೆ ಅದು ಮೆಣಸಿನಕಾಯಿ ಗೊಜ್ಜಿನ ಮಾತು.

ಈಗ ಹೂಜಿಯ ವಿಷಯ. ಇಲ್ಲಿಯವರ ಜೊತೆ ಬೆರೆಯುವ ಬಗ್ಗೆ ನಾನು ಹೇಳಬೇಕಾದ್ದೂ ಅದರಲ್ಲೇ ಬರುತ್ತದೆ.

ಈ ರಾಜ್ಯದಲ್ಲಿ 19 ಪ್ಯೂಬ್ಲೋಗಳಿವೆ. ಸ್ಪೇನ್‌ನವರು ಬರುವುದಕ್ಕೆ ಎಷ್ಟೋ ಮೊದಲಿನಿಂದ ಇಲ್ಲಿ ನೆಲೆಸಿರುವ ಜನರ ಊರುಗಳು ಇವು. ಒಂದೊಂದಕ್ಕೂ ತನ್ನದೇ ಆಡಳಿತ, ತನ್ನದೇ ನೇಮನಿಷ್ಠೆ, ತನ್ನದೇ ಮಣ್ಣು. ಮಣ್ಣು ಅಂತ ಸುಮ್ನೆ ಹೇಳುತ್ತಿಲ್ಲ. ಯಾವ ಊರಿನ ಮಡಕೆ ಅನ್ನೋದು ಆ ಮಣ್ಣಿನಲ್ಲೇ ಗೊತ್ತಾಗುತ್ತದೆ. ಟಾವೋಸ್, ಪಿಕುರಿಸ್ ಕಡೆಯ ಮಣ್ಣಿನಲ್ಲಿ ಅಭ್ರಕ ಇದೆ, ಮಡಕೆ ಬಿಸಿಲಿಗೆ ಮಿನುಗುತ್ತದೆ. ಆಕೊಮಾದವರದು ತೆಳು ಗೋಡೆಯ ಬಿಳಿ ಮಡಕೆ, ಅದರ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ. ಯಕ್ಕಾ ಗಿಡದ ಎಲೆಯ ತುದಿಯನ್ನು ಜಗಿದು ನಾರು ಮಾಡಿಕೊಂಡು, ಅದನ್ನೇ ಕುಂಚವಾಗಿ ಹಿಡಿದು ಆ ಗೆರೆ ಎಳೆಯುತ್ತಾರೆ. ಸಾಂಟಾ ಕ್ಲಾರಾ, ಸಾನ್ ಇಲ್ಡೆಫೋನ್ಸೋ ಊರುಗಳದು ಕನ್ನಡಿಯ ಹಾಗೆ ಹೊಳೆಯುವ ಕಪ್ಪು ಇಲ್ಲವೇ ಕೆಂಪು. ನೀವು ನೋಡಿದ 900 ಡಾಲರಿನದು ಕಪ್ಪಗೆ ಹೊಳೆಯುತ್ತಿತ್ತು, ಹೊಟ್ಟೆಯ ಮೇಲೆ ಕರಡಿಯ ಪಂಜದ ಗುರುತಿತ್ತು ಅಂದಿರಿ. ಹಾಗಿದ್ದರೆ ಅದು ಬಹುತೇಕ ಸಾಂಟಾ ಕ್ಲಾರಾದ್ದು. ಬರಗಾಲದಲ್ಲಿ ಒಂದು ಕರಡಿ ಜನರಿಗೆ ನೀರಿನ ಜಾಗ ತೋರಿಸಿತು ಅನ್ನೋದು ಆ ಊರಿನವರು ಹೇಳುವ ಕಥೆ. ಪಂಜದ ಗುರುತು ಅದರ ನೆನಪಿಗೆ.

ಈ ಹೂಜಿಗೂ ಮದುವೆಗೂ ಇರುವ ಸಂಬಂಧವನ್ನು ಸಾಂಟಾ ಕ್ಲಾರಾದ ತೆರೆಸಿಟಾ ನರಾಂಹೋ ವಿವರವಾಗಿ ಹೇಳಿದ್ದಾರೆ. ಅವರೂ ಮಡಕೆ ಮಾಡುತ್ತಿದ್ದವರೇ. ಮದುವೆ ನಿಶ್ಚಯವಾದ ಮೇಲೆ ಹೂಜಿಯ ಹೊಣೆ ಗಂಡಿನ ಕಡೆಯವರದು. ಹುಡುಗನ ಸೋದರತ್ತೆ, ಚಿಕ್ಕಮ್ಮಂದಿರ ನೆರವಿನಿಂದ ಮಣ್ಣು ಅಗೆದು ತಂದು ಹೂಜಿ ಮಾಡುತ್ತಾರೆ. ಮದುವೆಯ ದಿನ ಹಿರಿಯರು ಇಬ್ಬರನ್ನೂ ಕೂರಿಸಿ ಬುದ್ಧಿಮಾತು ಹೇಳುತ್ತಾರೆ. ಆಮೇಲೆ ಹುಡುಗಿ ಒಂದು ಕೊರಳಿನಿಂದ ಕುಡಿಯುತ್ತಾಳೆ. ಹೂಜಿಯನ್ನು ತಿರುಗಿಸಿ ಕೊಟ್ಟರೆ ಹುಡುಗ ಇನ್ನೊಂದರಿಂದ ಕುಡಿಯುತ್ತಾನೆ. ಅಲ್ಲಿಂದ ಮುಂದೆ ಅದನ್ನು ಜತನವಾಗಿ ಎತ್ತಿಡುತ್ತಾರೆ. ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಉಳಿದವರು ಅದನ್ನು ಇಟ್ಟುಕೊಳ್ಳುವುದಿಲ್ಲ, ಚೆನ್ನಾಗಿ ಬಾಳುತ್ತಿರುವ ಇನ್ನೊಂದು ಜೋಡಿಗೆ ಕೊಡುತ್ತಾರೆ. ನನಗೆ ಈ ಕೊನೆಯ ಭಾಗ ತುಂಬಾ ಹಿಡಿಸಿದೆ.

ಇವತ್ತು ಅಂಗಡಿಯಲ್ಲಿ ಸಿಗುವುದೆಲ್ಲ ಇಂಥ ಮದುವೆಗಾಗಿ ಮಾಡಿದ್ದಲ್ಲ. 1880ರಲ್ಲಿ ಈ ಕಡೆಗೆ ರೈಲು ಬಂತು, ಜೊತೆಗೆ ಪ್ರವಾಸಿಗಳೂ ಬಂದರು. ಅಂದಿನಿಂದ ಮಾರಾಟಕ್ಕೂ ಮಾಡುತ್ತಾ ಬಂದಿದ್ದಾರೆ. ಅದರಲ್ಲಿ ತಪ್ಪೇನೂ ಇಲ್ಲ. ಎಷ್ಟೋ ಮನೆಗಳ ಅನ್ನ ಅದೇ. ಸಾನ್ ಇಲ್ಡೆಫೋನ್ಸೋದ ಮಾರಿಯಾ ಮಾರ್ಟಿನೆಜ್, ಅವರ ಗಂಡ ಹುಲಿಯನ್ ಇಬ್ಬರೂ 1919ರ ಹೊತ್ತಿಗೆ ಹೊಳೆಯುವ ಕಪ್ಪಿನ ಮೇಲೆ ಹೊಳೆಯದ ಕಪ್ಪಿನ ಚಿತ್ರ ಮೂಡಿಸುವ ಬಗೆಯನ್ನು ರೂಢಿಗೆ ತಂದರು. ಆಕೆ ಕಟ್ಟುವುದು, ಆತ ಬಿಡಿಸುವುದು. ಆ ಕೆಲಸದಿಂದ ಇಡೀ ಊರಿಗೇ ದಾರಿಯಾಯಿತು. ಸಾಂಟಾ ಕ್ಲಾರಾದ ಮಾರ್ಗರೆಟ್ ಟಫೋಯಾ (1904–2001) ಭಾರೀ ಗಾತ್ರದ ಕಪ್ಪು ಗುಡಾಣಗಳಿಗೆ ಹೆಸರಾದವರು. ಅವರ ಮೊಮ್ಮಗಳು ನ್ಯಾನ್ಸಿ ಯಂಗ್‌ಬ್ಲಡ್ ಕರಬೂಜದ ಏಣುಗಳ ಹಾಗೆ ಮಡಕೆಗೆ ಏಣು ಕೊರೆದು, ಒಂದೊಂದು ಏಣನ್ನೂ ಬೇರೆ ಬೇರೆಯಾಗಿ ಉಜ್ಜಿ ಹೊಳಪು ತರಿಸುತ್ತಾರೆ. ಕೊಚಿಟಿ ಪ್ಯೂಬ್ಲೋದ ವರ್ಜಿಲ್ ಓರ್ಟಿಜ್ ಅವರದು ಇನ್ನೊಂದೇ ದಾರಿ. 1680ರಲ್ಲಿ ಪ್ಯೂಬ್ಲೋಗಳು ಸ್ಪೇನ್‌ನವರ ವಿರುದ್ಧ ಎದ್ದ ದಂಗೆಯನ್ನು 2180ನೇ ಇಸವಿಯಲ್ಲಿ ನಡೆಯುವ ಹಾಗೆ ಕಲ್ಪಿಸಿಕೊಂಡು, ಅದರ ಪಾತ್ರಗಳನ್ನು ಮಣ್ಣಿನಲ್ಲಿ ಮಾಡುತ್ತಾರೆ. ಇದು ಹಳೆಯದು, ಅದು ಹೊಸದು ಅಂತ ಗೆರೆ ಎಳೆಯೋಕೆ ಹೋಗಬೇಡಿ. ಒಂದೇ ಮನೆಯಲ್ಲಿ ಎರಡೂ ನಡೆಯುತ್ತವೆ.

ಬೆಲೆ ಯಾಕೆ ಅಷ್ಟು? ಸಾಂಟಾ ಕ್ಲಾರಾದವರು ತಿಗರಿ ಬಳಸುವುದಿಲ್ಲ. ಮಣ್ಣನ್ನು ತಾವೇ ಅಗೆದು ತಂದು, ನೆನೆಸಿ, ಸೋಸಿ, ಜ್ವಾಲಾಮುಖಿಯ ನುಣ್ಣನೆ ಬೂದಿ ಬೆರೆಸಿ ತುಳಿಯುತ್ತಾರೆ. ಹಗ್ಗದ ಹಾಗೆ ಹೊಸೆದು ಸುತ್ತು ಸುತ್ತಾಗಿ ಏರಿಸುತ್ತಾರೆ. ಒಣ ಸೋರೆಬುರುಡೆಯ ಚೂರಿನಿಂದ ಹೆರೆದು ನಯ ಮಾಡುತ್ತಾರೆ. ಎರಡು ಕೊರಳಿನ ಹೂಜಿಯಲ್ಲಿ ಕೊರಳು, ಅವೆರಡನ್ನೂ ಕೂಡಿಸುವ ಹಿಡಿ ಎಲ್ಲವನ್ನೂ ಆಮೇಲೆ ಜೋಡಿಸಬೇಕು. ಒಣಗುವಾಗ ಆ ಸೇರಿಕೆಯಲ್ಲೇ ಬಿರುಕು ಬಿಡುವ ಭಯ.

ಸಾಂಟಾ ಕ್ಲಾರಾದ ಒಬ್ಬ ಅಜ್ಜಿ ಹೊಳಪು ಕೊಡುವುದನ್ನು ನಾನು ಹತ್ತಿರ ಕೂತು ನೋಡಿದ್ದೇನೆ. ಕೆಂಪು ಮಣ್ಣಿನ ತಿಳಿಯನ್ನು ಬಟ್ಟೆಯಲ್ಲಿ ಅದ್ದಿ ಪದರ ಪದರವಾಗಿ ಬಳಿದರು. ಇನ್ನೂ ಪಸೆ ಇರುವಾಗಲೇ ಹೊಳೆಗಲ್ಲೊಂದನ್ನು ತೆಗೆದುಕೊಂಡು ಉಜ್ಜತೊಡಗಿದರು. ಹೆಬ್ಬೆರಳಿನಷ್ಟು ಕಲ್ಲು, ಒಂದು ಕಡೆ ಸವೆದು ಚಪ್ಪಟೆಯಾಗಿತ್ತು. ಅವರ ತಾಯಿಯಿಂದ ಬಂದದ್ದಂತೆ. ಮಧ್ಯೆ ಏಳುವ ಹಾಗಿಲ್ಲ. ಒಣಗಿಹೋದರೆ ಕಲ್ಲು ಗೀರುತ್ತದೆ, ಎಲ್ಲ ತೊಳೆದು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಹಿಡಿಯ ಕೆಳಗಿನ ಆ ಇಕ್ಕಟ್ಟಿನಲ್ಲಿ ಬೆರಳ ತುದಿಯಲ್ಲಿ ಕಲ್ಲು ಹಿಡಿದು ಉಜ್ಜುವಾಗ ಅವರು ಉಸಿರು ಬಿಗಿಹಿಡಿಯುತ್ತಿದ್ದರು. ಕೂತಲ್ಲೇ ಬಿಸಿಲು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹೋಯಿತು.

ಇಷ್ಟಾದ ಮೇಲೆ ಸುಡುವುದು. ಬಯಲಲ್ಲೇ, ಗಾಳಿ ಇಲ್ಲದ ಬೆಳಗಿನಲ್ಲಿ, ಸೌದೆ ಬೆರಣಿ ಒಟ್ಟಿ ಸುಡುತ್ತಾರೆ. ಉರಿ ಹಾಗೇ ಬಿಟ್ಟರೆ ಮಡಕೆ ಕೆಂಪಾಗಿ ಬರುತ್ತದೆ. ಕಾದ ಹೊತ್ತಿಗೆ ಸರಿಯಾಗಿ ಕುದುರೆ ಲದ್ದಿಯ ಪುಡಿ ಸುರಿದು ಗಾಳಿ ಆಡದ ಹಾಗೆ ಮುಚ್ಚಿದರೆ, ಒಳಗೆ ಹೊಗೆ ಕಟ್ಟಿಕೊಂಡು ಅದೇ ಮಡಕೆ ಕಪ್ಪಾಗುತ್ತದೆ. ಬಣ್ಣ ಬಳಿದದ್ದಲ್ಲ. ಎಷ್ಟೋ ದಿನದ ಕೆಲಸ ಇಲ್ಲೇ ‘ಟಪ್’ ಅಂತ ಸಿಡಿದು ಹೋಗುವುದೂ ಉಂಟು. 900 ಡಾಲರ್ ನನಗೆ ಜಾಸ್ತಿ ಅನಿಸುವುದಿಲ್ಲ.

ಆ 40 ಡಾಲರಿನದು ಅಚ್ಚಿಗೆ ಹೊಯ್ದದ್ದು ಇರಬೇಕು. ಕಾರ್ಖಾನೆಯ ಖಾಲಿ ಮಡಕೆ ತಂದು ಮೇಲೆ ಬಣ್ಣ ಹಾಕುತ್ತಾರೆ. ಹಾಕಿದವರು ಇಲ್ಲಿಯ ಮೂಲನಿವಾಸಿಗಳೇ ಆಗಿರಬಹುದು, ಹಾಗಿದ್ದರೆ ಮೋಸವೇನಲ್ಲ. 1990ರ ಕಾಯ್ದೆ ತಡೆಯುವುದು ಅವರು ಮಾಡದೇ ಇರುವುದನ್ನು ಅವರದು ಅಂತ ಮಾರುವುದನ್ನು. ಆದ್ದರಿಂದ ನೀವೇ ಕೇಳಬೇಕು. ಯಾರು ಮಾಡಿದ್ದು? ಯಾವ ಪ್ಯೂಬ್ಲೋ? ಕೈಯಲ್ಲಿ ಸುತ್ತಿ ಕಟ್ಟಿದ್ದಾ? ಬಯಲಲ್ಲಿ ಸುಟ್ಟದ್ದಾ, ಕರೆಂಟಿನ ಗೂಡಿನಲ್ಲಾ? ತಳದಲ್ಲಿ ಹೆಸರು, ಊರು ಇದೆಯಾ ನೋಡಿ. ಕೊರಳೊಳಗೆ ಬೆರಳು ಆಡಿಸಿ. ಕೈಯಲ್ಲಿ ಕಟ್ಟಿದ್ದಕ್ಕೆ ಸಣ್ಣ ಏರಿಳಿತ ಇರುತ್ತದೆ. ಅಚ್ಚಿನದು ಒಳಗೂ ಹೊರಗೂ ಒಂದೇ ಸಮ.

ನನ್ನನ್ನು ಕೇಳಿದರೆ ಅಂಗಡಿ ಬಿಟ್ಟು ಮಾಡಿದವರ ಕೈಯಿಂದಲೇ ಕೊಳ್ಳಿ. ಮೊದಲು ಆಲ್ಬುಕರ್ಕಿಯಲ್ಲೇ ಇರುವ ಇಂಡಿಯನ್ ಪ್ಯೂಬ್ಲೋ ಕಲ್ಚರಲ್ ಸೆಂಟರ್‌ಗೆ ಹೋಗಿ ಕಣ್ಣು ಪಳಗಿಸಿಕೊಳ್ಳಿ, ಅದು 19 ಪ್ಯೂಬ್ಲೋಗಳದೇ ಸಂಸ್ಥೆ. ಇಲ್ಲಿ ‘ಇಂಡಿಯನ್’ ಅಂದರೆ ನಾವಲ್ಲ, ಈ ನೆಲದ ಮೂಲನಿವಾಸಿಗಳು. ರಾಜ್ಯದ ರಾಜಧಾನಿ ಸಾಂಟಾ ಫೇಯಲ್ಲಿ ಪ್ಯಾಲೇಸ್ ಆಫ್ ದಿ ಗವರ್ನರ್ಸ್ ಅನ್ನೋ ಹಳೆಯ ಕಟ್ಟಡದ ಜಗಲಿಯ ಮೇಲೆ ಮೂಲನಿವಾಸಿಗಳೇ ಬಟ್ಟೆ ಹಾಸಿ ಕೂತು ಮಾರುತ್ತಾರೆ. ತಾವು ಅಥವಾ ತಮ್ಮ ಮನೆಯವರು ಮಾಡಿದ್ದನ್ನೇ ಮಾರಬೇಕು ಅನ್ನೋದು ಅಲ್ಲಿಯ ನಿಯಮ. ಆಗಸ್ಟಿನಲ್ಲಿ ಅದೇ ಊರಿನಲ್ಲಿ ಇಂಡಿಯನ್ ಮಾರ್ಕೆಟ್ ಸೇರುತ್ತದೆ, 1922ರಲ್ಲಿ ಶುರುವಾದದ್ದು. ಚೌಕಾಸಿ ಮಾಡಬೇಡಿ. ನಮಗೆ ಅದು ಮಾತುಕತೆಯ ಭಾಗ, ಇಲ್ಲಿ ಅದು ಅವರ ಕೆಲಸವನ್ನು ಕಡೆಗಣಿಸಿದ ಹಾಗೆ ಕೇಳಿಸುತ್ತದೆ. ಅಷ್ಟು ಹಣ ಇಲ್ಲದಿದ್ದರೆ ಅದೇ ಕೈಯ ಚಿಕ್ಕ ಹೂಜಿ ಕೊಳ್ಳಿ.

ಆಗಸ್ಟ್ 12 ಸಾಂಟಾ ಕ್ಲಾರಾದ ಊರಹಬ್ಬ. ಹೊರಗಿನವರನ್ನು ಬಿಡುವ ವರ್ಷ ಖಂಡಿತ ಹೋಗಿ. ಅವರ ಕುಣಿತ ಪೂಜೆ, ಚಪ್ಪಾಳೆ ತಟ್ಟಬಾರದು. ಫೋನ್ ಜೇಬಿನಲ್ಲೇ ಇರಲಿ. ಯಾರಾದರೂ ಊಟಕ್ಕೆ ಕರೆದರೆ ಬೇಡ ಅನ್ನಬೇಡಿ. ಉಂಡು, ಥ್ಯಾಂಕ್ಸ್ ಹೇಳಿ, ಬೇರೆಯವರಿಗೆ ಜಾಗ ಬಿಟ್ಟು ಏಳಿ. ನೀವು ಸಸ್ಯಾಹಾರಿ ಅಂತ ಮೊದಲೇ ಹೇಳಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ. ಅವರ ದೇವರು, ನೇಮಗಳ ಬಗ್ಗೆ ಕೆದಕಿ ಕೇಳಬೇಡಿ, ಅವರಾಗಿ ಹೇಳಿದಷ್ಟು ಸಾಕು. ಇಲ್ಲಿಯವರ ಜೊತೆ ಬೆರೆಯೋದು ಹೇಗೆ ಅಂದಿರಲ್ಲ, ನಾನು ಬೆರೆತದ್ದು ಹೀಗೇ.

ಇನ್ನು ಉಡುಗೊರೆ ಕೊಡುವ ಬಗ್ಗೆ. ಮಂಟಪದಲ್ಲಿ ಅದರಿಂದ ಗಂಡು ಹೆಣ್ಣಿಗೆ ನೀರು ಕುಡಿಸುವ ಯೋಚನೆ ಬೇಡ. ಅದು ಅವರ ಶಾಸ್ತ್ರ. ನಮ್ಮಲ್ಲಿ ಐರಣಿ ಗಡಿಗೆ ತರುವ ಪದ್ಧತಿ ಇದೆಯಲ್ಲ, ಮದುವೆಗೆ ಕುಂಬಾರರ ಮನೆಯ ಮಡಕೆ ಬರುವುದು ನಿಮ್ಮ ಅತ್ತೆಯವರಿಗೆ ಹೊಸದೇನಲ್ಲ. ಮಾಡಿದವರ ಹೆಸರು, ಊರು ಬರೆದ ಚೀಟಿಯನ್ನು ಜೊತೆಗೇ ಕೊಡಿ. ನೀರು, ಹೂವು, ಮನಿಪ್ಲಾಂಟ್ ಏನೂ ಹಾಕಬಾರದು ಅಂತ ನಾದಿನಿಗೆ ಹೇಳಿ, ಒದ್ದೆಯಾದರೆ ಹೊಳಪು ಹೋಗುತ್ತದೆ. ಒಣ ಬಟ್ಟೆಯಿಂದ ಧೂಳು ಹೊಡೆದರೆ ಸಾಕು. ಎತ್ತುವಾಗ ಹಿಡಿ ಹಿಡಿಯಬಾರದು, ತಳಕ್ಕೆ ಎರಡೂ ಕೈ ಕೊಡಬೇಕು.

ವಿಮಾನದಲ್ಲಿ ಕೈಚೀಲದಲ್ಲೇ ಇಟ್ಟುಕೊಳ್ಳಿ. ಹಿಡಿಯ ಕೆಳಗಿನ ಸಂದಿಗೆ ಮೆತ್ತನೆ ಬಟ್ಟೆ ತುರುಕಿ, ಮೇಲೆ ಎರಡು ಸುತ್ತು ಸ್ವೆಟರ್. ರಸೀದಿ ಜೊತೆಗಿರಲಿ, ಕಸ್ಟಮ್ಸ್‌ನವರು ಕೇಳಬಹುದು. ಇಂಡಿಯನ್ ಮಾರ್ಕೆಟ್‌ಗೆ ನಾವೂ ಹೋಗುವವರಿದ್ದೇವೆ. ಬೆಳಗ್ಗೆ ಬೇಗ ಹೊರಟರೆ ಒಳ್ಳೆಯದು ಸಿಗುತ್ತದೆ. ಕಾರಿನಲ್ಲಿ ಜಾಗ ಇದೆ, ಬರುವುದಾದರೆ ತಿಳಿಸಿ.