‘ಗುಂಡ, ನಿಮ್ಮಪ್ಪನಿಗೆ ಹೇಳೋ’

2020ರ ಏಪ್ರಿಲ್ 14. ಅವತ್ತಿಗೆ ಮುಗಿಯುತ್ತೆ ಅಂದುಕೊಂಡಿದ್ದ ಲಾಕ್‌ಡೌನ್ ಮೇ 3ರವರೆಗೆ ಮುಂದಕ್ಕೆ ಹೋಗಿತ್ತು. ಸಂಜೆ ಸಲಹೆ ಕೇಳಿ ತುಮಕೂರಿನಿಂದ ಒಬ್ಬ ಹೆಣ್ಣುಮಗಳ ಫೋನು. ಸರೋಜ ಅಂತಿಟ್ಟುಕೊಳ್ಳೋಣ, ಹೆಸರು, ಗುರುತು ಎಲ್ಲಾ ಬದಲಿಸಿದ್ದೇನೆ. ತಾರಸಿಯಲ್ಲಿ ನೀರಿನ ಟ್ಯಾಂಕಿನ ಮರೆಗೆ ನಿಂತು ಪಿಸುಗುಡುತ್ತಿದ್ದರು. ಎರಡು ರೂಮಿನ ಮನೆಯಲ್ಲಿ ನಾಲ್ಕು ಜನ, ಗುಟ್ಟಾಗಿ ಮಾತಾಡೋಕೆ ಇನ್ನೆಲ್ಲಿ ಜಾಗ? “ಯಾರಾದ್ರೂ ಮೆಟ್ಟಿಲು ಹತ್ತಿ ಬಂದ್ರೆ ಹಾಲಿನ ಲೆಕ್ಕ ಕೇಳ್ತೀನಿ ಮೇಡಂ, ನೀವೇ ಅರ್ಥ ಮಾಡ್ಕೊಳ್ಳಿ” ಅಂದರು.

ಕೇಳಿದ್ದು ಒಂದೇ ಪ್ರಶ್ನೆ. ಮನೆಯ ಬೆಕ್ಕು ಗುಂಡನನ್ನ ಇಟ್ಕೊಳ್ಳೋದಾ, ಬಿಟ್ಟುಬರೋದಾ?

ಯಜಮಾನರದು ಚಿಕ್ಕ ಬಟ್ಟೆ ಅಂಗಡಿ. ಯುಗಾದಿ ವ್ಯಾಪಾರಕ್ಕೆ ಅಂತ ಸಾಲ ಮಾಡಿ ಚಿಕ್ಕಪೇಟೆಯಿಂದ ಸೀರೆ ತರಿಸಿದ್ದರು. ಹಬ್ಬ ಬಿದ್ದದ್ದು ಮಾರ್ಚ್ 25ಕ್ಕೆ, ದೇಶ ಬಾಗಿಲು ಹಾಕಿದ್ದೂ ಅವತ್ತೇ. ಮುಚ್ಚಿದ ಅಂಗಡಿಯಲ್ಲಿ ಇಲಿ ಕಡಿಯುತ್ತೆ ಅಂತ ಗಂಟನ್ನ ಮನೆಗೆ ತಂದು ಹಾಲ್‌ನ ಮೂಲೆಯಲ್ಲಿಟ್ಟರು. ಅದರ ಮೇಲೆ ಗುಂಡ ಉಚ್ಚೆ ಹೊಯ್ದ. ಒಂದಲ್ಲ, ಮೂರು ಸಲ. “ಗೋಣಿಚೀಲಕ್ಕೆ ಹಾಕಿ ಅಮಾನಿಕೆರೆ ಹತ್ರ ಬಿಟ್ಟು ಬರ್ತೀನಿ” ಅಂತ ಅಪ್ಪ, “ಹಂಗಾದ್ರೆ ನನ್ನೂ ಬಿಟ್ಟು ಬನ್ನಿ” ಅಂತ ಮಗ. ಮಗನಿಗೆ ದ್ವಿತೀಯ ಪಿಯುಸಿಯ ಇಂಗ್ಲಿಷ್ ಪೇಪರೊಂದು ಬಾಕಿ. ಮಾರ್ಚ್ 23ಕ್ಕೆ ಆಗಬೇಕಿದ್ದದ್ದು ನಿಂತುಹೋಗಿ ಯಾವಾಗ ಅಂತಲೇ ಗೊತ್ತಿರಲಿಲ್ಲ. ಅತ್ತೆಯದು ಬೇರೆಯೇ ಭಯ. ನ್ಯೂಯಾರ್ಕಿನ ಮೃಗಾಲಯದಲ್ಲಿ ಹುಲಿಗೆ ಕೊರೊನಾ ಬಂತು ಅಂತ ಟಿವಿಯಲ್ಲಿ ನೋಡಿದಾಗಿನಿಂದ ಗುಂಡನನ್ನ ಕೋಲಲ್ಲಿ ಅಟ್ಟುತ್ತಿದ್ದರು.

ನಾನು ಪಶುವೈದ್ಯೆ ಅಲ್ಲ. ಆದರೂ ಮೊದಲು ಕೇಳಿದ್ದು, ಗುಂಡ ಮುಕ್ಕರಿಯುತ್ತಾನಾ, ಹನಿಹನಿ ಹೊಯ್ಯುತ್ತಾನಾ ಅಂತ. ಗಂಡು ಬೆಕ್ಕಿಗೆ ಮೂತ್ರ ಕಟ್ಟಿದರೆ ಒಂದೆರಡು ದಿನದಲ್ಲಿ ಜೀವಕ್ಕೇ ಬರುತ್ತೆ. ಹಾಗೇನಿಲ್ಲ ಅಂದರು. ಆದರೂ ಪಶು ಆಸ್ಪತ್ರೆಗೆ ಒಂದು ಫೋನ್ ಮಾಡಿ ಅಂದೆ, ಲಾಕ್‌ಡೌನ್‌ನಲ್ಲೂ ಅವಕ್ಕೆ ವಿನಾಯಿತಿ ಇತ್ತು. ಅತ್ತೆಗೆ ಹೇಳೋಕೆ ಇಷ್ಟು ತಿಳಿಸಿದೆ. ಮನುಷ್ಯರಿಂದ ಬೆಕ್ಕಿಗೆ ತಗುಲಬಹುದು, ಬೆಕ್ಕಿನಿಂದ ಮನುಷ್ಯರಿಗೆ ಹರಡುತ್ತೆ ಅನ್ನೋಕೆ ಆಗಿನ್ನೂ ಪುರಾವೆ ಇರಲಿಲ್ಲ.

ಆ ಮೂಲೆಯಲ್ಲಿ ಮೊದಲು ಏನಿತ್ತು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವನು ಮಲಗ್ತಿದ್ದ ಗೋಣಿ” ಅಂದರು. ಹಗಲೆಲ್ಲಾ ಖಾಲಿ ಮನೆಯಲ್ಲಿ ಹಾಯಾಗಿ ಮಲಗುತ್ತಿದ್ದ ಪ್ರಾಣಿ. ಈಗ ಇಪ್ಪತ್ನಾಲ್ಕು ಗಂಟೆ ಜನ, ಟಿವಿ, ಜಗಳ, ಮೇಲೆ ಜಾಗವೂ ಹೋಯ್ತು. ಗಂಟನ್ನ ಅಟ್ಟಕ್ಕೆ ಹಾಕಿ, ಗೋಣಿ ವಾಪಸ್ ಹಾಸಿ, ಬಚ್ಚಲ ಹಿಂದೆ ಒಂದು ಹಳೇ ಟಬ್‌ನಲ್ಲಿ ಮರಳು ಇಡಿ ಅಂದೆ. ನೆಲಕ್ಕೆ ಫಿನಾಯಿಲ್ ಬೇಡ, ಬೆಕ್ಕಿಗೆ ಅದು ವಿಷ. ಸೋಪಿನ ಪುಡಿಯಲ್ಲಿ ಚೆನ್ನಾಗಿ ತೊಳೆಯಿರಿ, ವಾಸನೆ ಉಳಿದರೆ ಮತ್ತೆ ಅಲ್ಲೇ ಬರುತ್ತಾನೆ.

ಆಮೇಲೆ ಕೇಳಿದೆ, “ನಿನ್ನೆ ಮನೆಯಲ್ಲಿ ಯಾರು ಯಾರ ಹತ್ರ ಮಾತಾಡಿದ್ರಿ?”

ನಕ್ಕುಬಿಟ್ಟರು. “ಎಲ್ಲಾರೂ ಗುಂಡನ ಹತ್ರಾನೇ ಮೇಡಂ. ನಾನು ‘ಗುಂಡ, ನಿಮ್ಮಪ್ಪನಿಗೆ ಹೇಳೋ, ಊಟ ಆರಿ ಹೋಗ್ತಿದೆ’ ಅಂತೀನಿ. ಇವರು ‘ನಿಮ್ಮಮ್ಮನಿಗೆ ಹೇಳು, ಹಸಿವಿಲ್ಲ’ ಅಂತಾರೆ.” ಬೆಕ್ಕನ್ನ ಕೆರೆ ಹತ್ತಿರ ಬಿಟ್ಟಿದ್ದರೆ ಆ ಮನೆಯಲ್ಲಿ ಮಾತೇ ನಿಂತುಹೋಗುತ್ತಿತ್ತು, ಅಲ್ವಾ? ಇದೇನು ಹೊಸದಲ್ಲ ಬಿಡಿ. ದೇವರ ಫೋಟೋ ಮುಂದೆ ನಿಂತು ಸೊಸೆಗೆ ಕೇಳಿಸೋ ಹಾಗೆ ಬೇಡಿಕೊಳ್ಳೋ ಅತ್ತೆಯಂದಿರನ್ನ ಎಷ್ಟು ನೋಡಿಲ್ಲ ನಾನು!

ಇಲ್ಲಿ ನಾನೊಂದು ತಪ್ಪು ಮಾಡಿದೆ. ರಾತ್ರಿ ಊಟ ಆದಮೇಲೆ ನಾಲ್ಕೂ ಜನ ಕೂತು ನೇರವಾಗಿ ಮಾತಾಡಿ ಅಂದೆ. ಅತ್ತೆ ತೂಕಡಿಸಿದರಂತೆ, ಮಗ ಮೊಬೈಲ್ ನೋಡಿದನಂತೆ, ಯಜಮಾನರು ಎದ್ದು ಹೋದರಂತೆ. ಎರಡನೇ ಫೋನಿನಲ್ಲಿ ಆ ಸಲಹೆ ವಾಪಸ್ ತಗೊಂಡು, ಬೆಳಿಗ್ಗೆ ಗುಂಡನಿಗೆ ಅನ್ನ ಕಲಸಿಡೋ ಕೆಲಸ ಯಜಮಾನರಿಗೆ ಬಿಡಿ, ನೀವು ಬೇಕೂ ಅಂತಲೇ ತಡವಾಗಿ ಏಳಿ ಅಂದೆ. ಅಂಗಡಿ ಅಭ್ಯಾಸಕ್ಕೆ ಐದಕ್ಕೇ ಎದ್ದು ಸುಮ್ನೆ ಗೋಡೆ ನೋಡುತ್ತಾ ಕೂರುವ ಮನುಷ್ಯ ಅವರು.

ಮೂರು ದಿನ ಬೈಕೊಂಡೇ ಹಾಕಿದರು. ನಾಲ್ಕನೇ ದಿನ ಸರೋಜ ಹಾಸಿಗೆಯಲ್ಲೇ ಮಲಗಿ ಕೇಳಿಸಿಕೊಂಡ ಮಾತು: “ಚಿಕ್ಕಪೇಟೆಯವನು ನಿನ್ನೆನೂ ಫೋನ್ ಮಾಡಿದ್ದ ಕಣೋ ಗುಂಡ. ಒಂದೂ ಮುಕ್ಕಾಲು ಲಕ್ಷ, ಎಲ್ಲಿಂದ ತರ್ಲಿ?” ಸಾಲ ಐವತ್ತು ಸಾವಿರ ಅಂತ ಸರೋಜ ನಂಬಿದ್ದರು.

“ಈಗ ಏನ್ ಮಾಡ್ಲಿ, ಕೇಳಿಸ್ತು ಅಂತ ಹೇಳ್ಲಾ?” ಅಂತ ಮೂರನೇ ಫೋನು. ‘ಯಾಕೆ ಮುಚ್ಚಿಟ್ರಿ’ ಅಂತ ಮಾತ್ರ ಶುರು ಮಾಡಬೇಡಿ ಅಂದೆ. ಎರಡು ಲೋಟ ಕಾಫಿ ಹಿಡಿದು ಹೋಗಿ ಪಕ್ಕ ಕೂರಿ, ಕಂತಿನ ವಿಷಯದಿಂದ ಹಿಡಿಯಿರಿ. ಬ್ಯಾಂಕಿನ ಸಾಲವಿದ್ದರೆ ಅದರ ಕಂತನ್ನ ಮೂರು ತಿಂಗಳು ಮುಂದೂಡೋಕೆ ರಿಸರ್ವ್ ಬ್ಯಾಂಕು ಆ ವರ್ಷ ಮಾರ್ಚ್ 27ಕ್ಕೇ ಅವಕಾಶ ಕೊಟ್ಟಿತ್ತು, ಬಡ್ಡಿ ಮಾತ್ರ ಓಡುತ್ತಿತ್ತು. ಹಾಗೆ ಉಳಿಯೋ ದುಡ್ಡಲ್ಲಿ ಚಿಕ್ಕಪೇಟೆಯವರಿಗೆ ಸ್ವಲ್ಪ ಸ್ವಲ್ಪ ಕೊಡಬಹುದಾ ಅಂತ ಕೇಳಿ ನೋಡಿ. ಲೆಕ್ಕ ಬರೆಯೋಕೆ ಮಗನನ್ನ ಕರೀರಿ. ಬೆಕ್ಕು ಬಿಟ್ಟುಬರ್ತೀನಿ ಅನ್ನೋ ಮಾತು ಇನ್ನು ಯಾರೂ ಆಡಕೂಡದು ಅಂತ ಅವತ್ತೇ ಒಪ್ಪಂದ ಮಾಡಿಕೊಳ್ಳಿ.

ಸಾಲ ತೀರಿತಾ ಗೊತ್ತಿಲ್ಲ, ನಾನು ಕೇಳಲಿಲ್ಲ. ಮಗ ಜೂನ್ 18ಕ್ಕೆ ಇಂಗ್ಲಿಷ್ ಪೇಪರ್ ಬರೆದ. ಎರಡು ಸೀರೆಯ ವಾಸನೆ ಎಷ್ಟು ಒಗೆದರೂ ಹೋಗಲಿಲ್ಲವಂತೆ. ಒಂದನ್ನ ನಾಲ್ಕು ಮಡಿಕೆ ಮಾಡಿ ಗುಂಡನ ಗೋಣಿ ಮೇಲೆ ಹಾಸಿದ್ದು ಯಜಮಾನರೇ.